ಎರಡು ನಿಮಿಷಗಳ ಭಯ

ಚಿತ್ರಮಂದಿರದಲ್ಲಿ ದೀಪಗಳು ಆರಿ ತೆರೆ ಬೆಳಗುವ ಹೊತ್ತಿಗೆ ನಮ್ಮಲ್ಲಿ ಅನೇಕರು ಇನ್ನೂ ಕುರ್ಚಿಯ ಸಂಖ್ಯೆಯನ್ನು ಹುಡುಕುತ್ತಿರುತ್ತೇವೆ. ಮಕ್ಕಳನ್ನು ಕೂರಿಸಿ, ತಿಂಡಿಯ ಪೊಟ್ಟಣ ಬಿಚ್ಚಿಕೊಟ್ಟು, ಮುಂದಿನ ಸಾಲಿನವರ ತಲೆಯನ್ನು ತಪ್ಪಿಸಿ ನೋಟವನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಮೊದಲ ಎರಡು ನಿಮಿಷಗಳು ಕಳೆದುಹೋಗಿರುತ್ತವೆ. ಸಂಸಾರದ ಕಥೆಯಾದರೆ ಹೆಚ್ಚಿನ ನಷ್ಟವಿಲ್ಲ. ಅತ್ತೆ ಯಾರು, ಸೊಸೆ ಯಾರು ಎಂಬುದು ಹೇಗೂ ತಿಳಿದೇ ತಿಳಿಯುತ್ತದೆ. ಆದರೆ ಕೊಲೆ, ರಹಸ್ಯ, ಬೆನ್ನಟ್ಟುವಿಕೆಗಳ ಕಥೆಯಲ್ಲಿ, ಅಂದರೆ ಥ್ರಿಲ್ಲರ್ ಎಂದು ಎಲ್ಲರೂ ಕರೆಯುವ ಬಗೆಯ ಚಿತ್ರದಲ್ಲಿ, ಆ ಎರಡು ನಿಮಿಷಗಳನ್ನು ಕಳೆದುಕೊಂಡವನು ಬೀಗದ ಕೈಯನ್ನೇ ಕಳೆದುಕೊಂಡಂತೆ.

ಆ ಎರಡು ನಿಮಿಷಗಳನ್ನೇ ಪರೀಕ್ಷೆಯ ವಿಷಯವನ್ನಾಗಿ ಮಾಡಿದವರು ಇಂಗ್ಲೆಂಡಿನವರು. ಅಲ್ಲಿನ ಓ.ಸಿ.ಆರ್. ಎಂಬ ಪರೀಕ್ಷಾ ಮಂಡಳಿಯು 2008ರಲ್ಲಿ ಜಾರಿಗೆ ತಂದ ಮಾಧ್ಯಮ ಅಧ್ಯಯನದ ಪಠ್ಯಕ್ರಮದಲ್ಲಿ ಹದಿನಾರು ಹದಿನೇಳರ ವಯಸ್ಸಿನ ವಿದ್ಯಾರ್ಥಿಗಳಿಗೆ ಇಂಥದೊಂದು ಕೆಲಸವಿದ್ದಿತು: ಹೊಸ ಕಥಾಚಿತ್ರವೊಂದರ ಶೀರ್ಷಿಕೆಗಳನ್ನೂ ಆರಂಭದ ಭಾಗವನ್ನೂ ತಾವೇ ತಯಾರಿಸಬೇಕು, ಅದು ಎರಡು ನಿಮಿಷಗಳನ್ನು ಮೀರಕೂಡದು. ಅದಕ್ಕೆ ಮೊದಲು ಒಂದು ಪೂರ್ವಾಭ್ಯಾಸ. ಒಬ್ಬ ವ್ಯಕ್ತಿ ಬಾಗಿಲು ತೆರೆದು, ಕೋಣೆಯನ್ನು ದಾಟಿ, ಇನ್ನೊಬ್ಬರ ಎದುರಿಗೆ ಕುರ್ಚಿಯಲ್ಲಿ ಕುಳಿತು ಒಂದೆರಡು ಮಾತನಾಡುವುದನ್ನು ಚಿತ್ರಿಸಿ, ತುಣುಕುಗಳನ್ನು ಹೊಲಿಗೆ ಕಾಣದಂತೆ ಜೋಡಿಸಬೇಕು. ಕೇಳಲು ಸುಲಭ, ಮಾಡಿ ನೋಡಿದವರಿಗೆ ಗೊತ್ತು. ಎಲ್ಲ ಮುಗಿದ ಮೇಲೆ ಏಳು ಪ್ರಶ್ನೆಗಳನ್ನು ಇಟ್ಟುಕೊಂಡು ವಿದ್ಯಾರ್ಥಿ ತನ್ನ ಕೆಲಸವನ್ನು ತಾನೇ ಪರಾಮರ್ಶಿಸಬೇಕು. 2017ರಲ್ಲಿ ಆ ಪಠ್ಯಕ್ರಮ ಬದಲಾಯಿತು. ಆದರೆ ಅದು ನಡೆದಿದ್ದಷ್ಟು ಕಾಲ ಎಷ್ಟೋ ಶಾಲೆಗಳ ಹುಡುಗರೂ ಹುಡುಗಿಯರೂ ಆರಿಸಿಕೊಂಡುದು ಥ್ರಿಲ್ಲರನ್ನೇ. ಕಾರಣ ಸರಳ. ಅರಮನೆ ಬೇಡ, ಕುದುರೆ ಬೇಡ, ನೃತ್ಯ ಬೇಡ. ಒಂದು ಕತ್ತಲ ಓಣಿ, ಒಂದು ಜೊತೆ ಬೂಟು, ಓಡುವುದಕ್ಕೆ ಒಬ್ಬ ಹುಡುಗಿ ಇದ್ದರೆ ಸಾಕೆಂಬ ಭಾವನೆ.

ಈ ಅಭ್ಯಾಸ ನನಗೆ ಹಿಡಿಸಿತು. ನಮ್ಮ ಕಾಲೇಜಿನ ಚಿತ್ರಸಂಘದ ವಿದ್ಯಾರ್ಥಿಗಳಿಗೆ, ಅಂಕಗಳ ಆಸೆ ತೋರಿಸದೆ, ಇದನ್ನೇ ಕೊಟ್ಟೆ. ಎರಡನೆಯ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳೂ ಅವಳ ಮೂವರು ಗೆಳತಿಯರೂ ಸೇರಿ ಒಂದು ಮೊಬೈಲ್ ಫೋನಿನಿಂದ ‘ಕೊನೆಯ ಬಸ್ಸು’ ಎಂಬ ಚಿತ್ರದ ಆರಂಭವನ್ನು ತಯಾರಿಸಿದರು. ಚಿತ್ರಕ್ಕಿಂತ ಹೆಚ್ಚಾಗಿ, ಅದನ್ನು ಕುರಿತು ಆಕೆ ಹನ್ನೊಂದು ಪುಟಗಳಲ್ಲಿ ಬರೆದ ಪರಾಮರ್ಶೆಯೇ ಈ ಲೇಖನಕ್ಕೆ ಪ್ರೇರಣೆ. ಅವಳ ಒಪ್ಪಿಗೆಯಿಂದಲೇ ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲ ಪ್ರತಿಯಲ್ಲಿ ಎಲ್ಲವೂ ಸಂಪ್ರದಾಯದಂತೆಯೇ ಇದ್ದಿತು. ರಾತ್ರಿಯ ಕೊನೆಯ ಬಸ್ಸಿನಿಂದ ಹುಡುಗಿಯೊಬ್ಬಳು ಇಳಿಯುತ್ತಾಳೆ. ಅವಳ ಹಿಂದೆ ಕಪ್ಪು ಬೂಟುಗಳು. ಅವಳು ಬೇಗ ನಡೆದರೆ ಬೂಟುಗಳೂ ಬೇಗ ನಡೆಯುತ್ತವೆ. ಓಣಿಯ ತಿರುವು, ಒಂದು ಚೀರಾಟ, ಕತ್ತಲು, ಶೀರ್ಷಿಕೆ. ಒಟ್ಟು ನಾಲ್ಕು ನಿಮಿಷ! ಎರಡು ನಿಮಿಷಕ್ಕೆ ಇಳಿಸಲು ಕುಳಿತಾಗ, ತೆಗೆದುಹಾಕಿದ ತುಣುಕುಗಳಿಂದ ಭಯವೇನೂ ಕಡಿಮೆಯಾಗಲಿಲ್ಲ ಎಂಬುದು ಅವರಿಗೆ ಕಂಡ ಮೊದಲ ಆಶ್ಚರ್ಯ.

ಎರಡನೆಯದು ಕತ್ತಲೆಯದು. ಫೋನಿನ ಕ್ಯಾಮೆರಾಕ್ಕೆ ಕತ್ತಲೆ ಎಂದರೆ ಸಹಿಸದು. ಬೆಳಕು ಕಡಿಮೆಯಾದೊಡನೆ ಅದು ತಾನಾಗಿಯೇ ಚಿತ್ರವನ್ನು ಬೆಳಗಿಸಲು ಹವಣಿಸುತ್ತದೆ. ಫಲವಾಗಿ ರಾತ್ರಿ ಹತ್ತು ಗಂಟೆಯ ಓಣಿಯು ಕಾಳುಕಾಳಾಗಿ, ಮಾಸಲು ಬೂದು ಬಣ್ಣವಾಗಿ, ಮೋಡ ಕವಿದ ಸಂಜೆಯಂತೆ ಕಂಡಿತು. ಬೆಳಕಿನ ಪ್ರಮಾಣವನ್ನು ಕೈಯಿಂದ ನಿಗದಿಮಾಡಿ, ಬೀದಿದೀಪದ ಕೆಳಗೆ ಒಂದಿಷ್ಟು ನೆಲವನ್ನು ಮಾತ್ರ ಬೆಳಗಿಸಿಕೊಂಡು, ಉಳಿದುದನ್ನು ಕಪ್ಪಾಗಿಯೇ ಬಿಟ್ಟಾಗ ಕತ್ತಲೆ ಕತ್ತಲೆಯಾಯಿತು. ಕತ್ತಲೆ ಕಾಣಬೇಕಾದರೆ ಎಲ್ಲಾದರೂ ಒಂದು ದೀಪವಿರಬೇಕೆಂದು ಅವಳು ಬರೆದುಕೊಂಡಿದ್ದಾಳೆ.

ಶೀರ್ಷಿಕೆಯ ಅಕ್ಷರಗಳ ಪ್ರಸಂಗವನ್ನು ಕನ್ನಡದ ಮೇಷ್ಟರಾದ ನಾನು ಬಿಡುವಂತಿಲ್ಲ. ಇಂಗ್ಲಿಷ್ ಚಿತ್ರಗಳಲ್ಲಿ ಅಕ್ಷರಗಳು ಒಂದೊಂದಾಗಿ, ದೂರದೂರವಾಗಿ ಮೂಡುವುದನ್ನು ನೋಡಿ ಇವರೂ ಹಾಗೆಯೇ ಮಾಡಹೊರಟರು. ‘ಬಸ್ಸು’ ಎಂಬುದರ ಕೊನೆಯ ಅಕ್ಷರದಲ್ಲಿ ಮೊದಲು ಬರಿಯ ಸಕಾರ, ಆಮೇಲೆ ಅದರ ಒತ್ತು, ಆಮೇಲೆ ಕೊಂಬು ಹೀಗೆ ಬಿಡಿಬಿಡಿಯಾಗಿ ಬಂದು ಭಯದ ಬದಲು ನಗೆಯುಂಟಾಯಿತು. ಕೊನೆಗೆ ಬಸ್ಸಿನ ಹಣೆಯ ಮೇಲಿನ ಫಲಕದಲ್ಲಿಯೇ ಇಡೀ ಹೆಸರನ್ನು ಬರೆದು ಅದನ್ನೇ ಚಿತ್ರಿಸಿದರು. ಕನ್ನಡದ ಅಕ್ಷರ ಇಡಿಯಾಗಿಯೇ ಬರಬೇಕು.

ಈ ನಡುವೆ ಸಂಘದಲ್ಲಿ ಮೂರು ಹಳೆಯ ಉದಾಹರಣೆಗಳನ್ನು ಚರ್ಚಿಸಿದೆವು. ಒಂದು, ಜರ್ಮನಿಯ ಫ್ರಿಟ್ಸ್ ಲಾಂಗ್ 1931ರಲ್ಲಿ ನಿರ್ದೇಶಿಸಿದ ‘ಎಂ’. ಮಕ್ಕಳ ಕೊಲೆಗಾರನೊಬ್ಬನ ಕಥೆ. ಆರಂಭದಲ್ಲಿ ತಾಯಿಯೊಬ್ಬಳು ಶಾಲೆಯಿಂದ ಬರಬೇಕಾದ ಮಗಳಿಗಾಗಿ ಮೇಜಿನ ಮೇಲೆ ತಟ್ಟೆ ಇಟ್ಟು ಕಾಯುತ್ತಾಳೆ. ಗಡಿಯಾರ ಹೊಡೆಯುತ್ತದೆ. ಬೀದಿಯಲ್ಲಿ ಮಗಳು ಚೆಂಡನ್ನು ಪುಟಿಸುತ್ತಿರುವ ಭಿತ್ತಿಪತ್ರದ ಮೇಲೆ ಒಬ್ಬ ಮನುಷ್ಯನ ನೆರಳು ಬೀಳುತ್ತದೆ. ಆಮೇಲೆ ನಾವು ಕಾಣುವುದು ಬರಿದಾದ ಮೆಟ್ಟಿಲುಗಳು, ಬರಿದಾದ ತಟ್ಟೆ, ಹುಲ್ಲಿನ ಮೇಲೆ ಉರುಳಿ ನಿಲ್ಲುವ ಚೆಂಡು, ತಂತಿಗಳಿಗೆ ಸಿಕ್ಕಿಕೊಂಡ ಬೆಲೂನು. ಕೊಲೆಯನ್ನು ತೋರಿಸಲೇ ಇಲ್ಲ. ತೋರಿಸಿದ್ದರೆ ಕಣ್ಣು ಮುಚ್ಚಿಕೊಂಡು ತಪ್ಪಿಸಿಕೊಳ್ಳಬಹುದಾಗಿದ್ದಿತು. ಆ ಬರಿದಾದ ತಟ್ಟೆಯಿಂದ ತಪ್ಪಿಸಿಕೊಳ್ಳುವುದು ಹೇಗೆ?

ಇನ್ನೊಂದು, ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ (1958). ಒಂದು ಕೈ ಸಿಡಿಗುಂಡಿನ ಗಡಿಯಾರವನ್ನು ತಿರುಗಿಸಿ, ಅದನ್ನು ಕಾರಿನ ಹಿಂಬದಿಯಲ್ಲಿಡುತ್ತದೆ. ಏನೂ ತಿಳಿಯದ ಇಬ್ಬರು ಆ ಕಾರನ್ನು ಹತ್ತುತ್ತಾರೆ. ಅಲ್ಲಿಂದ ಮುಂದೆ ಮೂರು ನಿಮಿಷಗಳಿಗೂ ಮಿಕ್ಕಿ ಒಂದೂ ಕತ್ತರಿಯಿಲ್ಲದೆ ಕ್ಯಾಮೆರಾ ಮೇಲೇರಿ, ಕೆಳಗಿಳಿದು, ಗಡಿನಾಡಿನ ಊರಿನ ಬೀದಿಯಲ್ಲಿ ಸಾಗುತ್ತದೆ. ನವದಂಪತಿಗಳಿಬ್ಬರು ಆ ಕಾರಿನ ಆಚೀಚೆಯೇ ನಡೆಯುತ್ತಿರುತ್ತಾರೆ. ಮೆಕ್ಸಿಕೋದ ಗಡಿಯೆಂದು ನಂಬಿಸಿದ ಆ ಊರು ನಿಜದಲ್ಲಿ ಕ್ಯಾಲಿಫೋರ್ನಿಯದ ವೆನಿಸ್. ಚಿತ್ರ ತಯಾರಿಸಿದ ಸಂಸ್ಥೆಯವರು ಈ ದೃಶ್ಯದ ಮೇಲೆಯೇ ಹೆಸರುಗಳನ್ನೂ ಸಂಗೀತವನ್ನೂ ಹೇರಿದ್ದರು. ಚಿತ್ರವನ್ನು ತಿದ್ದಿದ ರೀತಿಯನ್ನು ಕಂಡ ವೆಲ್ಸ್ 1957ರಲ್ಲಿ 58 ಪುಟಗಳ ಮನವಿಯನ್ನು ಬರೆದ. ಅದನ್ನು ಅನುಸರಿಸಿ ಚಿತ್ರವನ್ನು ಮತ್ತೆ ಸಂಕಲಿಸಿದ್ದು 1998ರಲ್ಲಿ, ಅವನು ತೀರಿಕೊಂಡು 13 ವರ್ಷಗಳಾದ ಮೇಲೆ. ಆಗ ಹೆಸರುಗಳು ತೊಲಗಿದವು. ಬೀದಿಯ ಅಂಗಡಿ ಮುಂಗಟ್ಟುಗಳಿಂದ ತೇಲಿಬರುವ ಹಾಡುಗಳು ಕೇಳತೊಡಗಿದವು. ಹಿಚ್‌ಕಾಕನು 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಸಂಭಾಷಣೆಗಳಲ್ಲಿ ವಿವರಿಸಿದ ತತ್ತ್ವವೂ ಇದೇ: ಮೇಜಿನ ಕೆಳಗಿನ ಸಿಡಿಗುಂಡು ಹಠಾತ್ತನೆ ಸಿಡಿದರೆ ಪ್ರೇಕ್ಷಕನಿಗೆ ದೊರೆಯುವುದು 15 ಸೆಕೆಂಡುಗಳ ಬೆರಗು, ಅದು ಅಲ್ಲಿರುವುದನ್ನು ಮೊದಲೇ ತಿಳಿಸಿದ್ದರೆ 15 ನಿಮಿಷಗಳ ಕಾತರ.

ಮೂರನೆಯದು ನಮ್ಮದೇ. ವಿಶಾಖದತ್ತನ ‘ಮುದ್ರಾರಾಕ್ಷಸ’ದ ಪ್ರಸ್ತಾವನೆಯಲ್ಲಿ ಸೂತ್ರಧಾರನು ಚಂದ್ರಗ್ರಹಣದ ಮಾತನ್ನಾಡುತ್ತಿರುವಾಗ, ಚಂದ್ರನನ್ನು ಹಿಡಿಯಬಯಸುವವನಾರು ಎಂದು ತೆರೆಯ ಹಿಂದಿನಿಂದ ಒಂದು ಕ್ರುದ್ಧ ಧ್ವನಿ ಕೇಳಿಸುತ್ತದೆ. ಆಕಾಶದ ಚಂದ್ರನು ಚಂದ್ರಗುಪ್ತನಾಗಿಬಿಟ್ಟ! ಚಾಣಕ್ಯನನ್ನು ನಾವು ಕಾಣುವುದಕ್ಕೆ ಮೊದಲೇ ಅವನಿಗೆ ಹೆದರಿರುತ್ತೇವೆ. ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವಾಗಿ ಕನ್ನಡಕ್ಕೆ ತಂದ ಕಥೆಯಿದು, ಪಾಠಪಟ್ಟಿಯಲ್ಲಿ ಅದರ ಹೆಸರನ್ನು ಓದಿ ಆಕಳಿಸುತ್ತಿದ್ದವರು ಅಂದು ನೆಟ್ಟಗೆ ಕುಳಿತರು.

ಇಷ್ಟೆಲ್ಲ ಆದರೂ ನಮ್ಮ ವಿದ್ಯಾರ್ಥಿನಿಯ ಕಣ್ಣು ತೆರೆಸಿದುದು ಈ ಮಹನೀಯರಲ್ಲ. ಇಂಗ್ಲೆಂಡಿನ ಆ ಏಳು ಪ್ರಶ್ನೆಗಳಲ್ಲಿ ಎರಡನೆಯದು. ನಿಮ್ಮ ಚಿತ್ರದಲ್ಲಿ ಸಮಾಜದ ಯಾವ ವರ್ಗದವರು ಹೇಗೆ ಚಿತ್ರಿತರಾಗಿದ್ದಾರೆ ಎಂಬುದು ಅದರ ತಾತ್ಪರ್ಯ. ಒಣ ಪ್ರಶ್ನೆ, ಮಾರ್ಗದರ್ಶಿಯ ಪುಸ್ತಕದಿಂದ ನಾಲ್ಕು ಸಾಲು ಬರೆದು ಮುಗಿಸಬಹುದು. ಅವಳು ಹಾಗೆ ಮಾಡದೆ ತನ್ನ ಚಿತ್ರವನ್ನು ಮತ್ತೆ ಹಾಕಿ ನೋಡಿದಳು. ಮರುದಿನ ಬಂದು, “ಸರ್, ನಮ್ಮ ಕ್ಯಾಮೆರಾ ನಿಂತಿರುವ ಜಾಗವೇ ಸರಿಯಿಲ್ಲ” ಎಂದಳು.

ಅವಳು ಬರೆದಿರುವುದು ಹೀಗೆ. ಸಂಜೆಯ ಟೈಪಿಂಗ್ ತರಗತಿ ಮುಗಿಸಿ ಅವಳೇ ವಾರಕ್ಕೆ ಮೂರು ದಿನ ತಡವಾದ ಬಸ್ಸಿನಲ್ಲಿ ಮನೆಗೆ ಹೋಗುವವಳು. ಹಿಂದೆ ಹೆಜ್ಜೆಯ ಸದ್ದು ಕೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಆದರೂ ಅವಳ ಚಿತ್ರದಲ್ಲಿ ಕ್ಯಾಮೆರಾ ಇದ್ದುದು ಬೂಟುಗಳ ಜೊತೆಯಲ್ಲಿ. ಹುಡುಗಿಯ ಬೆನ್ನು, ಜಡೆ, ಓಡುವ ಕಾಲುಗಳು ಇಷ್ಟೇ ಕಂಡವು. ಮುಖ ಕಂಡುದು ಚೀರುವಾಗ ಒಮ್ಮೆ ಮಾತ್ರ. ಪ್ರೇಕ್ಷಕನು ಹೆದರುವವಳ ಜೊತೆ ಹೆದರದೆ, ಬೆನ್ನಟ್ಟುವವನ ಜೊತೆ ನಡೆಯುತ್ತಿದ್ದ. ಮೊದಲ ಪ್ರತಿಯನ್ನು ತೋರಿಸಿದ ದಿನ ಹಿಂದಿನ ಬೆಂಚಿನ ಕೆಲವು ಹುಡುಗರು ಚೀರಾಟಕ್ಕೆ ಚಪ್ಪಾಳೆ ತಟ್ಟಿದ್ದುದು ಏಕೆಂದು ಅವಳಿಗೆ ಆಗ ಹೊಳೆಯಿತು. ಆ ಹುಡುಗರ ಮೇಲೆ ಅವಳು ಕೋಪಿಸಿಕೊಂಡಿಲ್ಲ. ಕೂರಿಸಿದ ಜಾಗದಿಂದ ಅವರು ನೋಡಿದರು, ಕೂರಿಸಿದವರು ನಾವು ಎಂಬುದು ಅವಳ ಅಭಿಪ್ರಾಯ. ನಾನು ಅಷ್ಟು ಉದಾರಿಯಲ್ಲ.

ಇದು ಅವಳೊಬ್ಬಳ ದೌರ್ಬಲ್ಯವೆಂದು ತಿಳಿಯಬಾರದು. ಬೆನ್ನಟ್ಟುವವನ ಕಣ್ಣಿನಿಂದ ಹೆಣ್ಣನ್ನು ನೋಡಿಸುವುದು ಥ್ರಿಲ್ಲರಿನ ಎಷ್ಟು ಹಳೆಯ ಪದ್ಧತಿಯೆಂದರೆ, ದಿನವೂ ಆ ಓಣಿಯಲ್ಲಿ ನಡೆಯುವ ಹುಡುಗಿಯ ಕೈಗೆ ಕ್ಯಾಮೆರಾ ಬಂದಾಗಲೂ ಅದು ತನ್ನ ಹಳೆಯ ಜಾಗಕ್ಕೇ ಹೋಗಿ ನಿಂತಿತು.

ಮತ್ತೆ ಚಿತ್ರೀಕರಣವಾಯಿತು. ಈ ಸಲ ಬೂಟುಗಳೇ ಇಲ್ಲ. ಬಸ್ಸು ಹೊರಟುಹೋಗುತ್ತದೆ, ಹುಡುಗಿಯ ಮುಖ ನಮ್ಮ ಎದುರಿಗಿದೆ. ಅವಳು ನಡೆಯುತ್ತಾಳೆ, ಕ್ಯಾಮೆರಾ ಅವಳ ಮುಂದೆ ಹಿಮ್ಮುಖವಾಗಿ ಸರಿಯುತ್ತದೆ. ಹಿಂದಿನ ಕತ್ತಲೆ ಮಸುಕಾಗಿದೆ. ಹೆಜ್ಜೆಯ ಸದ್ದು ಕೇಳುತ್ತದೆ. ಅವಳು ನಿಂತಾಗ ಅದು ಒಂದು ಹೆಜ್ಜೆ ತಡವಾಗಿ ನಿಲ್ಲುತ್ತದೆ. ಆ ಒಂದು ಹೆಜ್ಜೆಯ ಸದ್ದನ್ನು ಅವಳ ತಂದೆಯ ಚಪ್ಪಲಿಯಿಂದ, ಮನೆಯ ತಾರಸಿಯ ಮೇಲೆ, ಹಗಲು ಹೊತ್ತಿನಲ್ಲಿ ಹಿಡಿದದ್ದಂತೆ! ಹುಡುಗಿ ತಿರುಗಿ ನೋಡುವುದಿಲ್ಲ. ಚೀಲದಿಂದ ಫೋನನ್ನು ತೆಗೆದು, ಯಾರೂ ಕರೆ ಮಾಡದಿದ್ದರೂ, “ಹೂಂ ಅಪ್ಪ, ಬಂದೆ, ಗೇಟಿನ ಹತ್ತಿರ ಇದ್ದೀನಿ” ಎನ್ನುತ್ತಾಳೆ. ಅಲ್ಲಿಗೆ ಎರಡು ನಿಮಿಷ ಮುಗಿಯುತ್ತದೆ.

ಇದನ್ನು ತೋರಿಸಿದ ದಿನ ಚಪ್ಪಾಳೆ ಬೀಳಲಿಲ್ಲ. ಆ ಸುಳ್ಳು ಕರೆಯ ಮಾತು ಬಂದಾಗ ಹುಡುಗಿಯರ ಸಾಲಿನಲ್ಲಿ ಸಣ್ಣದೊಂದು ನಗೆ ಹಾದುಹೋಯಿತು. ಅವರಲ್ಲಿ ಹಲವರು ಅದೇ ಮಾತನ್ನು ಅದೇ ರೀತಿ ಆಡಿರಬೇಕು. ಹುಡುಗರಿಗೆ ಆ ನಗೆ ಅರ್ಥವಾಗಲಿಲ್ಲ. ಒಬ್ಬನು ಎದ್ದುನಿಂತು, ಕರೆ ಬಂದೇ ಇಲ್ಲವಲ್ಲ, ಅವಳು ಮಾತನಾಡಿದ್ದು ಯಾರ ಜೊತೆ ಎಂದು ಕೇಳಿದ. ಮುಂದಿನ ಅರ್ಧ ಗಂಟೆ ಆ ಪ್ರಶ್ನೆಗೆ ಉತ್ತರ ಹೇಳಿದವರು ಅವನ ತರಗತಿಯ ಹುಡುಗಿಯರೇ. ನಾನು ಗಂಟೆ ಹೊಡೆದ ಮೇಲೂ ಬಾಗಿಲ ಬಳಿ ನಿಂತು ಕೇಳುತ್ತಿದ್ದೆ.

ಮುಂದಿನ ಕಥೆ ಏನೆಂದು ಅನೇಕರು ಅವಳನ್ನು ಕೇಳುತ್ತಿದ್ದಾರೆ. ಹಿಂದೆ ಬರುತ್ತಿದ್ದವನು ಯಾರೆಂದು ಅವಳು ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಅವಳ ಚಿಂತೆಯೆಲ್ಲ ಬಸ್ಸಿನ ಸದ್ದಿನದು. ಹೊರಟುಹೋಗುವ ಬಸ್ಸು ತೆರೆಯಿಂದ ಮರೆಯಾದ ಮೇಲೂ ಎಷ್ಟು ಹೊತ್ತು ಕೇಳಿಸಬೇಕೆಂದು ಮೂವರು ಗೆಳತಿಯರೊಡನೆ ವಾದ ನಡೆದಿದೆ.