ಮುಚ್ಚಿದ ಬಾಗಿಲ ಹಿಂದೆ ಯಾರು?

ಹೋದ ತಿಂಗಳು ಒಂದು ರಾತ್ರಿ. ಪಾತ್ರೆ ತೊಳೆದಿಟ್ಟು, ಬೆಳಗಿನ ಇಡ್ಲಿಗೆ ಹಿಟ್ಟು ಕಲಸಿ ಮಲಗಲು ಹೊರಟರೆ, ಮಗಳ ಕೋಣೆಯಲ್ಲಿ ಇನ್ನೂ ದೀಪ! ಗಂಟೆ ಹನ್ನೊಂದೂವರೆ. "ಏನೇ ಅದು, ಇಷ್ಟೊತ್ತಿನವರೆಗೆ?" ಎಂದು ಗದರಿದೆ. "ಕಾಲೇಜಿನ ಪಾಠದ ಪುಸ್ತಕಾನೇ ಅಮ್ಮಾ. ಕೂತ್ಕೋ, ಇದರಲ್ಲಿ ನಿನ್ನಂಥೋಳೇ ಒಬ್ಬಳಿದ್ದಾಳೆ" ಎಂದು ನಕ್ಕಳು.

ಜೇನ್ ಆಸ್ಟೆನ್ ಬರೆದ 'ನಾರ್ಥಾಂಗರ್ ಅಬ್ಬೆ' ಆ ಕಾದಂಬರಿ. ಕ್ಯಾಥರೀನ್ ಎಂಬ ಹದಿನೇಳರ ಹುಡುಗಿಗೆ ಭಯಾನಕ ಕಾದಂಬರಿಗಳೆಂದರೆ ಪ್ರಾಣ. ಒಂದು ಹಳೆಯ ಬಂಗಲೆಗೆ ಅತಿಥಿಯಾಗಿ ಹೋಗುತ್ತಾಳೆ. ಮಳೆ ಗಾಳಿಯ ರಾತ್ರಿ, ಕೋಣೆಯಲ್ಲೊಂದು ಕಪ್ಪು ಬೀರು. ನಡುಗುವ ಕೈಯಿಂದ ತೆರೆದರೆ ಒಳಗೆ ಒಂದು ಕಾಗದದ ಸುರುಳಿ! ಅಷ್ಟರಲ್ಲಿ ಮೇಣದ ಬತ್ತಿ ಆರಿಹೋಗಬೇಕೇ? ರಾತ್ರಿಯೆಲ್ಲ ಬೆವರಿ, ಬೆಳಗಾದ ಮೇಲೆ ಬಿಡಿಸಿ ನೋಡಿದರೆ... ಬಟ್ಟೆ ಒಗೆದ ಲೆಕ್ಕದ ಚೀಟಿ!

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗುತ್ತಲೇ ನನ್ನ ಮನಸ್ಸು ಮಾಗಡಿಯ ತೌರುಮನೆಗೆ ಓಡಿತು.

1993ನೇ ಇಸವಿ. ನಾನಾಗ ಒಂಬತ್ತನೇ ತರಗತಿ. ಪೇಟೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಪುಸ್ತಕಕ್ಕೆ ದಿನಕ್ಕೆ ಎಂಟಾಣೆ ಬಾಡಿಗೆ. ಅಲ್ಲಿ ಕೈಗೆ ಸಿಕ್ಕಿದ್ದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ', ತೆಲುಗಿನಿಂದ ಕನ್ನಡಕ್ಕೆ ಬಂದದ್ದು. ಮಾಟಕ್ಕೆ ಸಿಕ್ಕಿ ನರಳುವ ಪುಟ್ಟ ಹುಡುಗಿಯ ಕಥೆ. ಸಮಾಜದ ಪುಸ್ತಕದೊಳಗೆ ಅದನ್ನಿಟ್ಟುಕೊಂಡು, ಕರೆಂಟು ಹೋದರೆ ಲಾಟೀನಿನ ಮುಂದೆ ಕೂತು, ಎರಡೇ ದಿನಕ್ಕೆ ಮುಗಿಸಿದೆ. ಆಮೇಲೆ ಒಂದು ವಾರ ಹಿತ್ತಿಲಿನ ಬಚ್ಚಲಿಗೆ ಒಬ್ಬಳೇ ಹೋಗಿದ್ದರೆ ಕೇಳಿ! "ದೆವ್ವದ ಪುಸ್ತಕ ಓದಿದ್ದಕ್ಕೆ ಇದೇ ಶಾಸ್ತಿ" ಎಂದು ಅಮ್ಮ ಬೈಯುತ್ತಲೇ ದೀಪ ಹಿಡಿದು ಜೊತೆಗೆ ಬರುತ್ತಿದ್ದರು.

ಈ ಬಗೆಯ ಕಾದಂಬರಿಗೆ ಇಂಗ್ಲಿಷಿನಲ್ಲಿ ಗಾಥಿಕ್ ಎನ್ನುತ್ತಾರಂತೆ. ಪಾಳುಕೋಟೆ, ಬೀಗ ಹಾಕಿದ ಕೋಣೆ, ದಿಕ್ಕಿಲ್ಲದ ಹುಡುಗಿ, ಕ್ರೂರಿ ಯಜಮಾನ, ಇವಿಷ್ಟೂ ಇರಬೇಕು. ಹೊರೇಸ್ ವಾಲ್ಪೋಲ್ ಎಂಬುವರು 1764ರಲ್ಲಿ ಮೊದಲ ಹೆಜ್ಜೆ ಇಟ್ಟರು. ಮನೆಮನೆಯ ಹೆಂಗಸರಿಗೆ ಅದರ ಹುಚ್ಚು ಹಿಡಿಸಿದ್ದು ಆನ್ ರಾಡ್‌ಕ್ಲಿಫ್ ಎಂಬ ಹೆಂಗಸು. ಕ್ಯಾಥರೀನ್ ಮೈಮರೆತು ಓದುವ 'ಉಡಾಲ್ಫೋ' ಈಕೆಯದೇ, 1794ರದ್ದು. ಅದಕ್ಕೆ ಬರೀ ಮೂರು ವರ್ಷ ಮೊದಲು, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯ ನಮ್ಮ ಸಾವನದುರ್ಗವನ್ನು ಹಿಡಿದಿತ್ತು. ಅತ್ತ ಕನಕಪುರದ ಕಡೆ ಕಬ್ಬಾಳದುರ್ಗ, ಕೈದಿಗಳನ್ನು ಸಾಯಲು ಬಿಡುತ್ತಿದ್ದ ಬೆಟ್ಟ ಎಂದೇ ಹೆಸರಾದದ್ದು. ಆಕೆ ಕಥೆಗೆ ಇಟಲಿಯ ಬೆಟ್ಟಗಳನ್ನು ಹುಡುಕಿಕೊಂಡು ಹೋದರು. ನಮಗೆ ಹಿತ್ತಿಲ ಬಾಗಿಲು ತೆರೆದರೆ ಸಾಕಿತ್ತು!

ಆದರೆ ರಾಡ್‌ಕ್ಲಿಫಮ್ಮನ ಗುಟ್ಟೇ ಬೇರೆ. ಅವರ ಕಾದಂಬರಿಗಳಲ್ಲಿ ಕೊನೆಗೆ ದೆವ್ವ ಇರುವುದಿಲ್ಲ. ಕಪ್ಪು ಪರದೆಯ ಹಿಂದೆ ಇದ್ದದ್ದು ಮೇಣದ ಗೊಂಬೆ. ನಿಜವಾಗಿ ಹೆದರಬೇಕಾಗಿದ್ದು ಹುಡುಗಿಯ ಆಸ್ತಿಗೆ ರುಜು ಹಾಕಿಸಿಕೊಳ್ಳಲು ಹೊಂಚುವ ಸೋದರತ್ತೆಯ ಗಂಡನಿಗೆ. ಕ್ಯಾಥರೀನಳ ಕಥೆಯೂ ಹಾಗೆಯೇ. ಬೀರುವಿನಲ್ಲಿ ಏನೂ ಇರಲಿಲ್ಲ. ಆದರೆ ಹುಡುಗಿಯ ಬಳಿ ದುಡ್ಡಿಲ್ಲ ಎಂದು ಗೊತ್ತಾದ ಕೂಡಲೇ ಮನೆಯ ಯಜಮಾನ ಅವಳನ್ನು ಒಬ್ಬಳನ್ನೇ ಊರಿಗೆ ಅಟ್ಟಿಬಿಟ್ಟ.

ಈ ಪಾಠ ನನಗೆ ಹದಿನಾಲ್ಕಕ್ಕೇ ಆಗಿತ್ತು, ಸೋದರಿಯರೇ. ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

ನಮ್ಮ ಹಿಂದಿನ ಬೀದಿಯ ಒಂದು ಮನೆಗೆ ಹಿತ್ತಿಲ ಕಡೆ ಒಂದು ಕೋಣೆ, ಅದಕ್ಕೆ ಸದಾ ಹೊರಗಿನಿಂದ ಚಿಲಕ. ಸಂಜೆ ಹೊತ್ತು ಒಳಗಿಂದ ನಗು ಕೇಳಿಸುತ್ತಿತ್ತು. ಕೆಲವೊಮ್ಮೆ ಅಳು. ಮಕ್ಕಳೆಲ್ಲ "ದೆವ್ವ, ದೆವ್ವ" ಎಂದು ಓಡುತ್ತಿದ್ದೆವು. ದೊಡ್ಡವರು ಯಾರೂ ಅಲ್ಲ ಅನ್ನಲಿಲ್ಲ.

ಆ ವರ್ಷ ನಮ್ಮ ಇಂಗ್ಲಿಷ್ ಮೇಷ್ಟ್ರು ಬಿಡುವಿನ ಪೀರಿಯಡ್ಡುಗಳಲ್ಲಿ ಶಾರ್ಲೆಟ್ ಬ್ರಾಂಟೆಯ 'ಜೇನ್ ಐರ್' ಕಥೆಯನ್ನು ಕನ್ನಡದಲ್ಲಿ ಹೇಳಿದರು. (1968ರ 'ಬೇಡಿ ಬಂದವಳು' ಚಿತ್ರ ನೆನಪಿದೆಯೇ? ಅದೇ ಎಳೆ.) ದೊಡ್ಡ ಬಂಗಲೆ, ಪಾಠ ಹೇಳಲು ಬಂದ ಅನಾಥ ಹುಡುಗಿ, ಮಹಡಿಯ ಮೇಲಿನಿಂದ ಒಂದು ವಿಚಿತ್ರ ನಗು... ಕೊನೆಗೆ ಅಲ್ಲಿದ್ದದ್ದು ದೆವ್ವವಲ್ಲ, ಬುದ್ಧಿ ಕೆಟ್ಟಿದೆ ಎಂದು ಕೂಡಿಹಾಕಿದ ಹೆಂಡತಿ.

ಅವತ್ತು ರಾತ್ರಿ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಹಿಂದಿನ ಬೀದಿ ಮನೇಲಿರೋದು ದೆವ್ವಾನಾ, ಹೆಂಗ್ಸಾ?"

ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಹೆಂಗ್ಸೇ ಕಣೇ. ಮೊದಲ್ನೇ ಬಾಣಂತನ ಆದ್ಮೇಲೆ ಹಿಂಗಾಯ್ತು. ಮಗೀನ ಬೇರೆಯೋರು ಸಾಕ್ತಾವ್ರೆ."

ಮಾರನೆಯ ದಿನ ಸ್ಕೂಲಿನಿಂದ ಬರುತ್ತಾ ಧೈರ್ಯ ಮಾಡಿ ಆ ಕಿಟಕಿಯ ಹತ್ತಿರ ಹೋದೆ. ಸರಳಿನ ಹಿಂದೆ ಒಂದು ಮುಖ. ನಮ್ಮ ಚಿಕ್ಕಮ್ಮನ ವಯಸ್ಸು. "ಯಾರ ಮಗಳಮ್ಮಾ ನೀನು?" ಎಂದರು. ಅಷ್ಟೇ. ಯಾರಾದರೂ ಕೇಳುವಂಥದ್ದೇ. ನಾನು ಉತ್ತರ ಕೊಡದೆ ಓಡಿಬಂದೆ. ಮತ್ತೆ ಹೋಗಲಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ ಆ ಕೋಣೆಯ ಚಿಲಕ ತೆಗೆದರು. ಒಳಗಿದ್ದವರು ಹೋಗಿಬಿಟ್ಟಿದ್ದರು. ಅಪ್ಪನ ಹೆಸರು ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? ಇವತ್ತಿಗೂ ನೆನೆದರೆ ಗಂಟಲು ಕಟ್ಟುತ್ತದೆ.

ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೆ ತ್ರಿವೇಣಿಯವರ 'ಶರಪಂಜರ' ಓದಿದೆ. 1971ರ ಪುಟ್ಟಣ್ಣನವರ ಸಿನಿಮಾ ಎಲ್ಲರಿಗೂ ಗೊತ್ತು. ಕಾವೇರಿ ವಾಸಿಯಾಗಿ ಮನೆಗೆ ಬಂದರೂ ಜನ ಅವಳನ್ನು ನೋಡುವ ನೋಟ ವಾಸಿಯಾಗಲಿಲ್ಲ. ಕೋಟೆ ಇಲ್ಲ, ಬಿರುಗಾಳಿ ಇಲ್ಲ, ಆದರೂ ನನಗೆ ಅದರಷ್ಟು ಭಯ ಹುಟ್ಟಿಸಿದ ಕಾದಂಬರಿ ಇನ್ನೊಂದಿಲ್ಲ. ಜೇನ್ ಐರಿನ ಮಹಡಿಯ ಹೆಂಗಸಿಗೂ ಬಾಯಿ ಕೊಟ್ಟು, ಜೀನ್ ರೈಸ್ ಎಂಬ ಲೇಖಕಿ 1966ರಲ್ಲಿ ಅವಳ ಕಡೆಯ ಕಥೆ ಬರೆದರೆಂದು ಮಗಳು ಹೇಳಿದಳು. ನೂರಾ ಹತ್ತೊಂಬತ್ತು ವರ್ಷ ಬೇಕಾಯಿತು ನೋಡಿ, ಒಬ್ಬರು ಆ ಬಾಗಿಲು ತಟ್ಟಲು!

ಈಗ ಕಾಲ ಬದಲಾಗಿದೆ. ಬಾಣಂತನದ ಮಾನಸಿಕ ಕಾಯಿಲೆಗೆ ಒಳ್ಳೆಯ ಔಷಧಿ ಇದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಮಾಡುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಪುಕ್ಕಟೆಯಾಗಿ ಸಲಹೆ ಕೊಡುತ್ತಾರೆ. ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ ನಂಬರು ಬರೆದಿಟ್ಟುಕೊಳ್ಳಿ.

ಹೆಣ್ಣುಮಕ್ಕಳು ರಾತ್ರಿ ಕೂತು ಭಯದ ಕಾದಂಬರಿ ಓದಿದರೆ ಕಿತ್ತುಕೊಳ್ಳಬೇಡಿ. ಬೆಚ್ಚಿ ಬಿದ್ದರೆ ದೀಪ ಹಿಡಿದು ಜೊತೆಗೆ ಹೋಗಿ, ನಮ್ಮಮ್ಮ ಬರುತ್ತಿದ್ದ ಹಾಗೆ. ಮುಚ್ಚಿದ ಬಾಗಿಲ ಹಿಂದೆ ಯಾರಿದ್ದಾರೆ ಎಂದು ಕೇಳುವುದನ್ನು ನಾನಂತೂ ಕಲಿತದ್ದು ಆ ಪುಸ್ತಕಗಳಿಂದಲೇ. ನಿಂತು ಉತ್ತರ ಕೊಡುವುದನ್ನು ಮಾತ್ರ ಯಾರಾದರೂ ಹೇಳಿಕೊಡಬೇಕಿತ್ತು.

ಅದನ್ನು ನನ್ನ ಮಗಳಿಗೆ ಅವತ್ತು ರಾತ್ರಿಯೇ ಹೇಳಿದೆ. ದೀಪ ಆರಿಸುವ ಹೊತ್ತಿಗೆ ಒಂದು ಗಂಟೆ. ಬೆಳಗ್ಗೆ ಇಡ್ಲಿ ತಡವಾಯಿತು, ಮನೆಯವರಿಂದ ಬೈಸಿಕೊಂಡದ್ದೂ ಆಯಿತು. ಆಗಲಿ ಬಿಡಿ!