ಸೇಲಂ ಗುಡ್ಡದ ಅರಪ್ಪು ಪುಡಿ

ಎಣ್ಣೆಸ್ನಾನಕ್ಕೆ ನಾವು ಸೀಗೆಪುಡಿ, ಚಿಗರೆಪುಡಿ ಬಳಸುವಂತೆ ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಅರಪ್ಪು ಪುಡಿ ಬಳಸುತ್ತಾರೆ. ಹೆಸರು ಕೇಳಿ ಹೊಸದೆಂದುಕೊಳ್ಳಬೇಡಿ, ನಮ್ಮ ಚಿಗರೆಯೇ ಅವರ ಅರಪ್ಪು. ಸಸ್ಯಶಾಸ್ತ್ರಜ್ಞರು ಇದನ್ನು ಆಲ್ಬಿಜಿಯ ಅಮಾರ ಎನ್ನುತ್ತಾರೆ. ಮಳೆ ಕಡಿಮೆಯಿರುವ ಕುರುಚಲು ಕಾಡಿನ ಮರ. ಎಲೆಯನ್ನು ಒಣಗಿಸಿ ಪುಡಿಮಾಡಿ, ಅಕ್ಕಿಯ ಗಂಜಿತಿಳಿಯಲ್ಲಿ ಕಲಸಿ ತಲೆಗೆ ಹಚ್ಚಿದರೆ ಎಣ್ಣೆಯ ಜಿಡ್ಡು ಬಿಡುತ್ತದೆ.

ಎಲೆಗೆ ಈ ಶಕ್ತಿ ಎಲ್ಲಿಂದ ಬಂತು? ಅದರಲ್ಲಿರುವ ಸಪೋನಿನ್ ಎಂಬ ವಸ್ತುವಿನಿಂದ. ಸೀಗೆ, ಅಂಟುವಾಳಗಳಲ್ಲಿರುವುದೂ ಅದೇ. ಸಪೋನಿನ್ ಕಣದ ಒಂದು ತುದಿ ನೀರನ್ನು ಹಿಡಿದರೆ ಇನ್ನೊಂದು ಎಣ್ಣೆಯನ್ನು ಹಿಡಿಯುತ್ತದೆ. ಹೀಗಾಗಿ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಹರಿದುಹೋಗುತ್ತದೆ. ಸಾಮಾನ್ಯ ಸೋಪು ಕ್ಷಾರಗುಣದ್ದು. ನಮ್ಮ ಚರ್ಮವೋ ತುಸು ಆಮ್ಲೀಯ. ಸೀಗೆ, ಅಂಟುವಾಳದ ನೀರೂ ತುಸು ಆಮ್ಲೀಯವೇ ಆದ್ದರಿಂದ ಸೋಪಿನಷ್ಟು ಬಿರುಸಲ್ಲ. ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಅಜ್ಜಿಯಂದಿರು ಅಂಟುವಾಳವನ್ನೇ ಹುಡುಕುತ್ತಿದ್ದರಲ್ಲವೇ? ಅದರ ಲ್ಯಾಟಿನ್ ಹೆಸರು ಸಪಿಂಡಸ್. ಎಂದರೆ 'ಭಾರತದ ಸೋಪು'.

ಈಗ ಅಂಗಡಿಯ ಶಾಂಪೂ ಬಾಟಲಿಗೆ ಬರೋಣ. ಮೇಲೆ ಸೀಗೆಯ ಚಿತ್ರವಿರಬಹುದು. ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿ. ಪಟ್ಟಿಯಲ್ಲಿ ಹೆಚ್ಚು ಪ್ರಮಾಣದಲ್ಲಿರುವುದೇ ಮೊದಲು ಬರುತ್ತದೆ. ಆರಂಭದಲ್ಲೇ ಸೋಡಿಯಂ ಲಾರೆತ್ ಸಲ್ಫೇಟ್, ಕೊನೆಯಲ್ಲೆಲ್ಲೋ ಸೀಗೆ ಇದ್ದರೆ, ಆ ನೊರೆ ಯಾರದೆಂದು ನೀವೇ ಹೇಳಿ. ಅರಪ್ಪು ಅಷ್ಟು ನೊರೆ ಕೊಡದು. ನೊರೆ ಕಡಿಮೆಯಾಯಿತೆಂದು ಕೊಳೆ ಹೋಗಿಲ್ಲವೆಂದಲ್ಲ.

ಹಾಗೆಂದು ಗಿಡಮೂಲಿಕೆಯೆಲ್ಲ ನಿರಪಾಯವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಸಪೋನಿನ್ ಮೀನಿಗೆ ವಿಷ. ಇಂಥ ಗಿಡಗಳನ್ನು ಅರೆದು ನೀರಿಗೆ ಹಾಕಿ ಮೀನು ಹಿಡಿಯುವ ರೂಢಿಯೂ ಇತ್ತು. ಪುಡಿ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ಕೂಡಲೇ ತಣ್ಣೀರಿನಲ್ಲಿ ತೊಳೆಯಬೇಕು. ಮೊದಲ ಸಲ ಬಳಸುವವರು ಮುಂಗೈಗೆ ಸ್ವಲ್ಪ ಹಚ್ಚಿ ನೋಡಲಿ. ಎಳೆಯ ಮಕ್ಕಳ ತಲೆಗೆ ಬೇಡವೇ ಬೇಡ.

ಯೇರ್ಕಾಡಿನ ಶೇರ್ವರಾಯನ್ ಬೆಟ್ಟ, ಧರ್ಮಪುರಿಯ ಸಿತ್ತೇರಿ ಬೆಟ್ಟಗಳಲ್ಲಿ ಮಲಯಾಳಿ ಬುಡಕಟ್ಟಿನವರಿದ್ದಾರೆ. ಇವರು ಕೇರಳದವರಲ್ಲ, ಮಲೆಯಲ್ಲಿ ಬಾಳುವವರು. ಆಡುವ ಮಾತು ತಮಿಳು. ಕಾಡಿನ ಕಿರು ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಅರಣ್ಯವಾಸಿಗಳಿಗೆ ಕೊಟ್ಟಿದೆ. ಬಾಟಲಿಗೆ ನೂರಾರು ರೂಪಾಯಿ ಎಣಿಸುವ ನಾವು, ಸಂತೆಯಲ್ಲಿ ಸೀಗೆ, ಅರಪ್ಪು ಮಾರುವವರೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ.