ಆಟ ಬರುವ ಮೊದಲೇ ವೇಷ ಕಟ್ಟಿದವರು

ಪಾರಿಜಾತದ ಮೇಳ ಬರಲಿದೆ ಎಂಬ ಸುದ್ದಿ ಬಿದ್ದರೆ ಸಾಕು, ಅಥಣಿ, ರಾಯಬಾಗ, ಗೋಕಾಕ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಆಟ ಆ ಹೊತ್ತಿನಿಂದಲೇ ಆರಂಭವಾಗುತ್ತಿತ್ತು. ಸತ್ಯಭಾಮೆ ಯಾರು, ಕೃಷ್ಣ ಯಾರು, ದೂತಿಯ ಮಾತಿಗೆ ಎದುರು ನಿಲ್ಲುವ ಗಂಡಸು ಮೇಳದಲ್ಲಿ ಇದ್ದಾನೆಯೇ ಎಂದು ಗುಡಿಯ ಕಟ್ಟೆಯ ಮೇಲೆ ವಾದ. ಕಥೆ ಎಲ್ಲರಿಗೂ ಬಾಯಿಪಾಠ. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಭಾಮೆ ಮುನಿಯುತ್ತಾಳೆ, ಕೃಷ್ಣ ಕೊರವಂಜಿಯ ವೇಷ ತೊಟ್ಟು ಬರುತ್ತಾನೆ. ಮುಂದೇನು ಎಂಬ ಕುತೂಹಲ ಅಲ್ಲಿರಲಿಲ್ಲ. ಈ ಸಲ ಆ ವೇಷವನ್ನು ಹೇಗೆ ಕಟ್ಟುತ್ತಾರೆ ಎಂಬುದೇ ಕುತೂಹಲ.

ಇಂದು ಅದೇ ಸೀಮೆಯ ಹುಡುಗರ ಕೈಯಲ್ಲಿ ಮೊಬೈಲಿದೆ, ಅನುಕೂಲವಿದ್ದ ಮನೆಗಳಲ್ಲಿ ಕಂಪ್ಯೂಟರ್ ಇದೆ. ಅವರೂ ಒಂದು ಆಟಕ್ಕಾಗಿ ಕಾಯುತ್ತಾರೆ, ಅವರೂ ವಾದ ಮಾಡುತ್ತಾರೆ. ಅವರು ಕಾಯುತ್ತಿರುವುದು ಪೋಲೆಂಡಿನಿಂದಲೋ ಅಮೆರಿಕದಿಂದಲೋ ಬರಬೇಕಾದ ವಿಡಿಯೋ ಗೇಮ್‌ಗೆ, ಅದರಲ್ಲೂ ‘ರೋಲ್ ಪ್ಲೇಯಿಂಗ್’ ಎಂದು ಕರೆಯಲಾಗುವ ಬಗೆಗೆ. ಕನ್ನಡದಲ್ಲಿ ಅದನ್ನು ಪಾತ್ರದಾಟ ಎನ್ನಬಹುದು. ಬಯಲಾಟಕ್ಕೂ ವಿಡಿಯೋ ಆಟಕ್ಕೂ ನಮ್ಮ ಭಾಷೆ ‘ಆಟ’ ಎಂಬ ಒಂದೇ ಮಾತನ್ನು ಇಟ್ಟುಕೊಂಡಿರುವುದು ಈ ಸಂದರ್ಭದಲ್ಲಿ ಬಹಳ ಅನುಕೂಲವಾಗಿದೆ.

ಪಾತ್ರದಾಟ ಎಂದರೇನು? ಕ್ರಿಕೆಟ್ಟಿನ ಅಥವಾ ಕಾರ್ ಓಡಿಸುವ ವಿಡಿಯೋ ಆಟದಲ್ಲಿ ಗೆಲುವು ಮುಖ್ಯ. ಪಾತ್ರದಾಟದಲ್ಲಿ ಆಡುವವನು ಮೊದಲು ಒಬ್ಬ ವ್ಯಕ್ತಿಯನ್ನು ಕಟ್ಟಿಕೊಳ್ಳುತ್ತಾನೆ. ಗಂಡೋ ಹೆಣ್ಣೋ, ಕತ್ತಿ ಹಿಡಿಯುವವನೋ ಮಾತಿನಲ್ಲಿ ಗೆಲ್ಲುವವನೋ, ಕರುಣಿಯೋ ಕಳ್ಳನೋ ಎಂಬುದು ಅವನ ಇಚ್ಛೆ. ಆಮೇಲೆ ಆ ವ್ಯಕ್ತಿಯಾಗಿ ಹತ್ತಾರು, ಕೆಲವೊಮ್ಮೆ ನೂರಾರು ಗಂಟೆ ಬದುಕುತ್ತಾನೆ. ದಾರಿಯಲ್ಲಿ ಸಿಕ್ಕ ಮುದುಕಿಗೆ ಏನು ಉತ್ತರ ಕೊಟ್ಟ ಎಂಬುದರ ಮೇಲೆ ಮುಂದಿನ ಊರಿನ ಬಾಗಿಲು ತೆರೆಯಬಹುದು ಅಥವಾ ಮುಚ್ಚಬಹುದು.

ಈ ಬಗೆಯ ಆಟ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ, ಮೇಜಿನ ಮೇಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸಿ ಸ್ವಂತ ಮಾತಿನಲ್ಲಿ ಉತ್ತರ ಕೊಡುತ್ತಾರೆ, ಸಂದೇಹ ಬಂದಾಗ ದಾಳ ಉರುಳಿಸುತ್ತಾರೆ. ದಾಳವೊಂದನ್ನು ಬಿಟ್ಟರೆ ಈ ಏರ್ಪಾಡು ನಮಗೆ ಹೊಸದೇನಲ್ಲ. ಅಥಣಿಗೆ ಹತ್ತಿರದ ಸಾಂಗ್ಲಿಯನ್ನೇ ನೋಡಿ. ಕರ್ನಾಟಕದಿಂದ ಅಲ್ಲಿಗೆ ಹೋಗಿದ್ದ ಭಾಗವತ ಮೇಳದ ಆಟ ಕಂಡು ಮೆಚ್ಚಿದ ಅಲ್ಲಿನ ದೊರೆ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲೂ ಅಂಥದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದರಲ್ಲಿ ಸೂತ್ರಧಾರ ಹಾಡಿ ಕಥೆ ನಡೆಸುತ್ತಿದ್ದ, ನಟರು ತಮ್ಮ ಮಾತನ್ನು ಆಯಾ ಹೊತ್ತಿಗೆ ತಾವೇ ಕಟ್ಟಿಕೊಳ್ಳುತ್ತಿದ್ದರು. ಮರಾಠಿ ರಂಗಭೂಮಿಯ ಆರಂಭವೆಂದು ಹೇಳುವ ಆ ಆಟದ ಹಿಂದೆಯೂ ಒಬ್ಬ ಪ್ರೇಕ್ಷಕನ ನಿರೀಕ್ಷೆಯೇ ಇತ್ತು ಎಂಬುದನ್ನು ಗಮನಿಸಬೇಕು.

ಕಂಪ್ಯೂಟರಿಗೆ ಬಂದ ಮೇಲೆ ನಿರೀಕ್ಷೆಯ ಪ್ರಮಾಣ ಬದಲಾಯಿತು. ಜಪಾನಿನಲ್ಲಿ ‘ಡ್ರಾಗನ್ ಕ್ವೆಸ್ಟ್’ ಎಂಬ ಪಾತ್ರದಾಟದ ಮೂರನೆಯ ಭಾಗ 1988ರ ಫೆಬ್ರುವರಿ 10ರಂದು ಮಾರಾಟಕ್ಕೆ ಬಂತು. ಅಂದು ಬುಧವಾರ. ಅಂಗಡಿಗಳ ಮುಂದೆ ಉದ್ದುದ್ದ ಸಾಲು. ಶಾಲೆ ತಪ್ಪಿಸಿ ಸಾಲಿನಲ್ಲಿ ನಿಂತ ಹುಡುಗರು ಪೊಲೀಸರ ಕೈಗೆ ಸಿಕ್ಕರು. ನಾಲ್ಕನೆಯ ಭಾಗವನ್ನು ಕಂಪನಿ 1990ರಲ್ಲಿ ಭಾನುವಾರ ಬಿಡುಗಡೆ ಮಾಡಿತು. ಹೀಗೆ ಮಾಡಬೇಕೆಂದು ಜಪಾನಿನಲ್ಲಿ ಕಾನೂನೇ ಇದೆ ಎಂಬ ಮಾತು ಇಂದಿಗೂ ಓಡಾಡುತ್ತದೆ. ಅಂಥ ಕಾನೂನಿಲ್ಲ, ಕಂಪನಿಯ ಜಾಣತನವಷ್ಟೆ.

ಆದರೆ ಆ ಹುಡುಗರು ಕಾದದ್ದು ತಯಾರಾಗಿದ್ದ ಆಟಕ್ಕೆ. ಈಗಿನವರು ಇನ್ನೂ ತಯಾರಾಗದ ಆಟಕ್ಕೆ ಕಾಯುತ್ತಾರೆ. ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಅಮೆರಿಕದ ಬೆಥೆಸ್ಡ ಕಂಪನಿ ‘ದಿ ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ಆರನೆಯ ಆಟ ಬರುತ್ತದೆ ಎಂದು 2018ರ ಜೂನ್‌ನಲ್ಲಿ ಸಾರಿತು. ತೋರಿಸಿದ್ದು ಒಂದು ನಿಮಿಷಕ್ಕೂ ಕಡಿಮೆಯ ಚಿತ್ರ: ಬೆಟ್ಟ, ಬಯಲು, ಮೋಡ, ಕೊನೆಗೆ ಹೆಸರು. ಮನುಷ್ಯರಿಲ್ಲ, ಕಥೆಯಿಲ್ಲ. ಆ ಬೆಟ್ಟದ ಆಕಾರ ನೋಡಿ ಇದು ಕಾಲ್ಪನಿಕ ಭೂಪಟದ ಯಾವ ಪ್ರಾಂತ್ಯ ಎಂದು ಅಭಿಮಾನಿಗಳು ವರ್ಷಗಟ್ಟಲೆ ಲೆಕ್ಕ ಹಾಕಿದರು. 2025 ಮುಗಿಯುವವರೆಗೂ ಕಂಪನಿ ಬಿಡುಗಡೆಯ ದಿನ ಹೇಳಿರಲಿಲ್ಲ. ಆ ಚಿತ್ರ ನೋಡಿದಾಗ ಐದನೆಯ ಇಯತ್ತೆಯಲ್ಲಿದ್ದ ಹುಡುಗ ಅಷ್ಟರಲ್ಲಿ ದ್ವಿತೀಯ ಪಿಯುಸಿಗೆ ಬಂದಿದ್ದ.

ಇಷ್ಟು ಕಡಿಮೆ ನೋಡಿ ಇಷ್ಟು ಹೆಚ್ಚು ಬಯಸುವುದು ಹೇಗೆ ಸಾಧ್ಯ? ಉತ್ತರ ಪಾತ್ರದಾಟದ ಗುಣದಲ್ಲೇ ಇದೆ. ಸಿನಿಮಾದ ತುಣುಕು ನೋಡಿದವನು ನಾಯಕ ಏನು ಮಾಡಿಯಾನು ಎಂದು ಯೋಚಿಸುತ್ತಾನೆ. ಪಾತ್ರದಾಟದ ತುಣುಕು ನೋಡಿದವನು ತಾನು ಏನು ಮಾಡಬಹುದು ಎಂದು ಯೋಚಿಸುತ್ತಾನೆ. ಅಂದರೆ ಅವನು ಅದಾಗಲೇ ವೇಷ ಕಟ್ಟಿಕೊಂಡಾಯಿತು, ಮನಸ್ಸಿನಲ್ಲಿ ಆಟ ಶುರುವಾಯಿತು. ಒಂದೇ ತುಣುಕನ್ನು ಹತ್ತು ಲಕ್ಷ ಜನ ನೋಡಿದರೆ ಹತ್ತು ಲಕ್ಷ ಆಟಗಳು ಹುಟ್ಟುತ್ತವೆ. ಕಂಪನಿ ಮಾಡಿಕೊಡುವುದು ಒಂದೇ ಆಟವನ್ನು. ಜಗಳಕ್ಕೆ ಮೂಲ ಅಲ್ಲಿದೆ.

ಆ ಜಗಳ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ‘ಸೈಬರ್‌ಪಂಕ್ 2077’ ಸಾಕ್ಷಿ. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪನಿ ಇದನ್ನು 2012ರಲ್ಲಿ ಘೋಷಿಸಿತ್ತು. 2019ರಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್ ವೇದಿಕೆಗೆ ಬಂದು ತಾನೂ ಆಟದಲ್ಲಿದ್ದೇನೆ ಎಂದಾಗ ಸಭಾಂಗಣ ಹುಚ್ಚೆದ್ದು ಕೂಗಿತು. ಬಿಡುಗಡೆ 2020ರ ಏಪ್ರಿಲ್ 16 ಎಂದರು. ಅದು ಸೆಪ್ಟೆಂಬರ್ ಆಯಿತು, ಸೆಪ್ಟೆಂಬರ್ ನವೆಂಬರ್ ಆಯಿತು. ಅಕ್ಟೋಬರ್ ಮೊದಲ ವಾರ ಆಟ ಸಿದ್ಧವಾಯಿತು, ಡಿಸ್ಕ್ ಅಚ್ಚಿಗೆ ಹೋಗುತ್ತದೆ ಎಂದು ಹೇಳಿದ ಕಂಪನಿ, ಅದೇ ತಿಂಗಳ ಕೊನೆಗೆ ಮತ್ತೆ ಮುಂದೂಡಿತು. ತಯಾರಕರಿಗೆ ಕೊಲೆ ಬೆದರಿಕೆಗಳು ಬಂದವು. ಒಂದು ಆಟ ಮೂರು ವಾರ ತಡವಾದದ್ದಕ್ಕೆ ಕೊಲೆ ಬೆದರಿಕೆ!

ಡಿಸೆಂಬರ್ 10ರಂದು ಆಟ ಬಂತು. ಅಷ್ಟರಲ್ಲಿ 80 ಲಕ್ಷ ಜನ ಮುಂಗಡ ಕೊಟ್ಟು ಖರೀದಿಸಿಯಾಗಿತ್ತು. ಬಲವಾದ ಕಂಪ್ಯೂಟರ್ ಇದ್ದವರಿಗೆ ಒಂದು ಮಟ್ಟಿಗೆ ನಡೆಯಿತು. ಪ್ಲೇಸ್ಟೇಷನ್ 4ರಂಥ ಹಳೆಯ ಯಂತ್ರ ಇದ್ದವರ ಪರದೆ ಮುಗ್ಗರಿಸಿತು, ಮನುಷ್ಯರ ಮುಖ ಮಸುಕಾಯಿತು, ಆಟ ನಡುವೆ ನಿಂತುಹೋಯಿತು. ಎಂಟೇ ದಿನಕ್ಕೆ ಸೋನಿ ಕಂಪನಿ ತನ್ನ ಅಂಗಡಿಯಿಂದ ಅದನ್ನು ತೆಗೆದು ಹಣ ವಾಪಸು ಕೊಡತೊಡಗಿತು. ಅದು ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ದೋಷ ತಿದ್ದುತ್ತ ತಿದ್ದುತ್ತ 2023ರ ಹೊತ್ತಿಗೆ ಅದು ನಿಜಕ್ಕೂ ಒಳ್ಳೆಯ ಆಟವಾಯಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೂ ಹಳೆಯ ಯಂತ್ರವಿಟ್ಟುಕೊಂಡು ಮುಂಗಡ ಕೊಟ್ಟವನು ಮೋಸಹೋದ ಭಾವ ಅನುಭವಿಸಿದ್ದು ಸುಳ್ಳಲ್ಲ. ನಮ್ಮಲ್ಲಿ ದೊಡ್ಡ ಆಟವೊಂದರ ಬೆಲೆ ಮೂರರಿಂದ ಐದು ಸಾವಿರ ರೂಪಾಯಿ. ಅಥಣಿಯಂಥ ಊರಿನಲ್ಲಿ ಅದು ಹುಡುಗನೊಬ್ಬನ ಇಡೀ ವರ್ಷದ ಉಳಿತಾಯ ಆಗಬಹುದು. ಪಾರಿಜಾತ ಸಪ್ಪೆಯಾದರೆ ಜನ ನಡುರಾತ್ರಿ ಚಾಪೆ ಸುತ್ತಿಕೊಂಡು ಎದ್ದು ಹೋಗಬಹುದಿತ್ತು. ಮುಂಗಡ ಕೊಟ್ಟವನಿಗೆ ಆ ಅನುಕೂಲ ಇಲ್ಲ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರೂ ಇದ್ದಾರೆ. ಬೆಲ್ಜಿಯಂನ ಲ್ಯಾರಿಯನ್ ಕಂಪನಿ ‘ಬಾಲ್ಡರ್ಸ್ ಗೇಟ್ 3’ ಆಟದ ಮೊದಲ ಅಂಕವನ್ನಷ್ಟೇ 2020ರ ಅಕ್ಟೋಬರ್‌ನಲ್ಲಿ ಮಾರಾಟಕ್ಕಿಟ್ಟಿತು. ಇದು ಅಪೂರ್ಣ, ದೋಷಗಳಿವೆ, ಆಡಿ ಹೇಳಿ ಎಂದು ತಾನೇ ಒಪ್ಪಿಕೊಂಡಿತು. ಅದಕ್ಕೂ ಮೊದಲು ತೋರಿಸಿದ ಮಾದರಿಯಲ್ಲಿ ಆಟಗಾರನ ಉತ್ತರಗಳು ‘ನಾನು ಹೀಗೆಂದೆ’ ಎಂಬ ಭೂತಕಾಲದಲ್ಲಿದ್ದವು. ಜನ ಒಪ್ಪಲಿಲ್ಲ, ಕಂಪನಿ ಬದಲಿಸಿತು. ವಿಲ್ ಎಂಬ ಪಾತ್ರದ ಕಥೆಯನ್ನೇ ಹೊಸದಾಗಿ ಬರೆಯಲಾಯಿತು. ಪೂರ್ತಿ ಆಟ 2023ರ ಆಗಸ್ಟ್‌ನಲ್ಲಿ ಬಂದು ಆ ವರ್ಷದ ಶ್ರೇಷ್ಠ ಆಟದ ಪ್ರಶಸ್ತಿ ಪಡೆಯಿತು. ಸುಮಾರು ಮೂರು ವರ್ಷ ಪ್ರೇಕ್ಷಕರ ಎದುರಿನಲ್ಲೇ ತಾಲೀಮು ನಡೆಸಿದಂತಾಯಿತು.

ಪಾರಿಜಾತದವರಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು. ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದರೆಂದು ಹೇಳಲಾಗುವ ಈ ಆಟದಲ್ಲಿ ಹಾಡು ಸ್ಥಿರ, ಮಾತು ಚಂಚಲ. ಎದುರಿಗೆ ಕೂತವರು ನಕ್ಕರೆ ಭಾಗವತನೂ ದೂತಿಯೂ ಅದೇ ಎಳೆ ಹಿಡಿದು ಅರ್ಧ ತಾಸು ಎಳೆಯುತ್ತಾರೆ, ತೂಕಡಿಸಿದರೆ ಮುಂದಿನ ಹಾಡಿಗೆ ಜಿಗಿಯುತ್ತಾರೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಹೆಸರು ಕೇಳಿ ಬಂದವರ ನಿರೀಕ್ಷೆ ಸಣ್ಣದಿರಲಿಲ್ಲ. ಆದರೆ ನಿರೀಕ್ಷೆ ಮತ್ತು ಆಟ ಒಂದೇ ಬಯಲಲ್ಲಿ ಮುಖಾಮುಖಿಯಾಗಿದ್ದವು. ತಪ್ಪಿದರೆ ಅಲ್ಲೇ ಗೊತ್ತಾಗುತ್ತಿತ್ತು, ಅಲ್ಲೇ ತಿದ್ದಿಕೊಳ್ಳಬಹುದಿತ್ತು.

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಎಂದು ಓದುಗರು ಕೇಳಬಹುದು. ಈ ಉದ್ಯಮದ ಕೆಲಸದಲ್ಲಿ ನಮ್ಮ ಕೈಯೂ ಇದೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ವಿಡಿಯೋ ಗೇಮ್ ಕಂಪನಿಗಳಲ್ಲಿ ಒಂದು. ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರ ಮಾಡಿಕೊಡುವುದು ಅದರ ಕಸುಬಾಗಿತ್ತು. 2019ರಲ್ಲಿ ಅದನ್ನು ‘ಗ್ರ್ಯಾಂಡ್ ಥೆಫ್ಟ್ ಆಟೋ’ ಖ್ಯಾತಿಯ ರಾಕ್‌ಸ್ಟಾರ್ ಕೊಂಡುಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು.

ಅಥಣಿಯ ಕಡೆಯವರಿಗೆ ಬೆಂಗಳೂರಿಗಿಂತ ಹತ್ತಿರ ಪುಣೆ. ಅಲ್ಲಿ ಎರಡು ಬಗೆಯ ಅನುಭವವಾಗಿದೆ. ಫ್ರಾನ್ಸಿನ ಯೂಬಿಸಾಫ್ಟ್ ತನ್ನ ಹೆಸರಾಂತ ‘ಪ್ರಿನ್ಸ್ ಆಫ್ ಪರ್ಷಿಯ’ದ ಹಳೆಯ ಆಟವೊಂದನ್ನು ಹೊಸದಾಗಿ ಕಟ್ಟುವ ಹೊಣೆಯನ್ನು ಪುಣೆ, ಮುಂಬೈ ಶಾಖೆಗಳಿಗೆ ಕೊಟ್ಟಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಮೊದಲ ತುಣುಕು ಹೊರಬಿದ್ದಾಗ ಚಿತ್ರಗಳು ಹಳೆಯ ಕಾಲದವು ಎಂದು ಅಭಿಮಾನಿಗಳು ಹಳಿದರು. ಬಿಡುಗಡೆ ಮುಂದೆ ಹೋಯಿತು. 2022ರಲ್ಲಿ ಕೆಲಸ ಕೆನಡಾದ ಮಾಂಟ್ರಿಯಲ್‌ಗೆ ಹೋಯಿತು. 2026ರ ಜನವರಿಯಲ್ಲಿ ಕಂಪನಿ ಆಟವನ್ನೇ ಕೈಬಿಟ್ಟಿತು. ಭಾರತದ ಕೈಗಳಿಗೆ ಸಿಕ್ಕಿದ್ದ ದೊಡ್ಡ ಅವಕಾಶವೊಂದರ ಮೇಲೆ ಕೆಲವೇ ನಿಮಿಷದ ತುಣುಕಿನ ನೆರಳು ಬಿತ್ತು.

ಅದೇ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಪುಟ್ಟ ತಂಡ 2017ರಲ್ಲಿ ಜನರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟಲಿಲ್ಲ. ಅವರ ಆಟಕ್ಕೆ ನಿರೀಕ್ಷೆಯ ಭಾರವೇ ಇರಲಿಲ್ಲ ಎನ್ನಿ. ಆದರೂ 2020ರಲ್ಲಿ ‘ರಾಜಿ’ ಬಂತು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುವ ಹುಡುಗಿಯ ಕಥೆ. ನಡುನಡುವೆ ಕಥೆ ಹೇಳಲು ತೊಗಲುಗೊಂಬೆಯಾಟದ ರೀತಿಯನ್ನೇ ಬಳಸಿದ್ದಾರೆ. ಇದು ಪಾತ್ರದಾಟಕ್ಕಿಂತ ಸಾಹಸದ ಆಟ. 2022ರ ಪರಿಷ್ಕೃತ ರೂಪದಲ್ಲಿ ಪಾತ್ರಗಳು ಹಿಂದಿಯಲ್ಲಿ ಮಾತಾಡಿದವು.

ಭಾಷೆಯ ಮಾತು ಬಂತು. ‘ಬಾಲ್ಡರ್ಸ್ ಗೇಟ್ 3’ರಲ್ಲಿ ಸುಮಾರು 20 ಲಕ್ಷ ಪದಗಳಿವೆಯಂತೆ. ಅವು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಲಭ್ಯ. ಕನ್ನಡ ಹಾಗಿರಲಿ, ಹಿಂದಿಯೂ ಅವುಗಳಲ್ಲಿಲ್ಲ. ಮಾತೇ ಜೀವಾಳವಾದ ಆಟದಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಯಾವ ಉತ್ತರ ಆರಿಸಬೇಕೆಂದು ಅಂದಾಜಿನ ಮೇಲೆ ಗುಂಡಿ ಒತ್ತುತ್ತಾನೆ. ಅವನು ಕೋಪಿಸಿಕೊಳ್ಳಬೇಕೆಂದಿದ್ದ ಕಡೆ ಅವನ ಪಾತ್ರ ಕ್ಷಮೆ ಕೇಳಿಬಿಟ್ಟಿರುತ್ತದೆ. ಮನಸ್ಸಿನಲ್ಲಿ ಕಟ್ಟಿದ ವೇಷ ಅಚ್ಚ ಕನ್ನಡದ್ದು, ಪರದೆಯ ಮೇಲಿನ ಮಾತು ಪರರದು. ಬೇರೆಯವರಿಗೆ ಆಟ ಬಂದ ಮೇಲೆ ಆಗುವ ಆಶಾಭಂಗ ಇವನಿಗೆ ಮೊದಲೇ ಗೊತ್ತಿರುವ ಸಂಗತಿ. ಅಭಿಮಾನಿಗಳ ಬೇಡಿಕೆಗಳಲ್ಲಿ ಕುದುರೆಯ ಓಟದಿಂದ ಕೂದಲಿನ ಎಳೆಯವರೆಗೆ ಎಲ್ಲವೂ ಇರುತ್ತದೆ, ಇದೊಂದು ಇರುವುದಿಲ್ಲ. ಕೇಳಿದರೆ ಸಿಕ್ಕೀತು ಎಂಬ ನಂಬಿಕೆ ಇದ್ದವರಷ್ಟೇ ಕೇಳುತ್ತಾರೇನೋ.

ಸೈಬರ್‌ಪಂಕ್‌ನ ತಯಾರಕರೇ 2024ರ ಡಿಸೆಂಬರ್‌ನಲ್ಲಿ ‘ದಿ ವಿಚರ್ 4’ರ ಮೊದಲ ತುಣುಕು ತೋರಿಸಿದರು. ಹಿಂದಿನ ಮೂರು ಆಟಗಳ ನಾಯಕ ಗೆರಾಲ್ಟ್‌ನ ಬದಲು ಅವನ ಸಾಕುಮಗಳು ಸಿರಿ ಈ ಸಲ ಮುಖ್ಯಪಾತ್ರ. ರಕ್ಕಸರನ್ನು ಬೇಟೆಯಾಡುವ ಆ ಕಸುಬು ಮೂಲ ಕಾದಂಬರಿಗಳಲ್ಲಿ ಗಂಡಸರದು, ಹೆಣ್ಣಿಗೆ ಹೇಗೆ ಕೊಟ್ಟರು ಎಂದು ಒಂದು ಗುಂಪು. ಅವಳ ಮುಖವೇ ಬದಲಾಗಿದೆ ಎಂದು ಇನ್ನೊಂದು. 2026 ಮುಗಿಯುವ ಮೊದಲು ಆಟ ಬರುವುದಿಲ್ಲ ಎಂದು ಕಂಪನಿ 2025ರಲ್ಲೇ ಹೇಳಿದೆ. ಈ ಬಾರಿ ಅದು ತಿಂಗಳನ್ನೂ ಹೇಳಿಲ್ಲ, ತಾರೀಖನ್ನೂ ಹೇಳಿಲ್ಲ. ವಾದವಂತೂ ಆ ರಾತ್ರಿಯೇ ಶುರುವಾಯಿತು.